ಕೊಳಚೆ ನೀರಿನ ಶುದ್ಧೀಕರಣ: ಕೆಸರಿನಿಂದ ಪೊರೆಯವರೆಗೆ

ಬಿಳಿಗಿರಿರಂಗನ ಬೆಟ್ಟದ ಪಶ್ಚಿಮದ ಇಳಿಜಾರಿನಲ್ಲಿ ಬಿದ್ದ ಮಳೆನೀರು ಸುವರ್ಣಾವತಿ ಹೊಳೆಯನ್ನು ಸೇರಿ, ಯಳಂದೂರನ್ನು ಹಾದು, ಕೊಳ್ಳೇಗಾಲದ ಸೀಮೆಯಲ್ಲಿ ಕಾವೇರಿಯನ್ನು ಕೂಡುತ್ತದೆ. ಮುಂದೆ ಶಿವನಸಮುದ್ರದ ಬಳಿ ಕಾವೇರಿಯ ನೀರನ್ನು ಎತ್ತಿ ಸುಮಾರು 100 ಕಿಲೋಮೀಟರ್ ದೂರದ ಬೆಂಗಳೂರಿಗೆ ಪಂಪು ಮಾಡಲಾಗುತ್ತದೆ. ಇಷ್ಟು ಕಷ್ಟಪಟ್ಟು ತಂದ ನೀರನ್ನು ಒಮ್ಮೆ ಮಾತ್ರ ಬಳಸಿ ಚರಂಡಿಗೆ ಬಿಡುವುದು ಸರಿಯೇ? ಅದನ್ನು ಶುದ್ಧೀಕರಿಸಿ ಮತ್ತೆ ಬಳಸುವ ವಿದ್ಯೆಗೆ ಶತಮಾನದ ಇತಿಹಾಸವಿದೆ. ಅದರ ಒಂದು ಅಧ್ಯಾಯ ಬೆಂಗಳೂರಿನಲ್ಲೇ ನಡೆಯಿತೆಂಬುದು ನಿಮಗೆ ಗೊತ್ತೇ?

1912ರಲ್ಲಿ ಮ್ಯಾಂಚೆಸ್ಟರಿನ ರಸಾಯನವಿಜ್ಞಾನಿ ಗಿಲ್ಬರ್ಟ್ ಫೌಲರ್ ಅಮೆರಿಕದ ಲಾರೆನ್ಸ್ ಪ್ರಯೋಗ ಕೇಂದ್ರದಲ್ಲಿ ಕೊಳಚೆ ನೀರಿಗೆ ಗಾಳಿ ಊದುವ ಪ್ರಯೋಗಗಳನ್ನು ಕಂಡರು. ಹಿಂದಿರುಗಿ, ಆರ್ಡರ್ನ್ ಮತ್ತು ಲಾಕೆಟ್ ಎಂಬವರಿಗೆ ಅಂಥ ಪ್ರಯೋಗಗಳನ್ನು ನಡೆಸಲು ಸೂಚಿಸಿದರು. ಮೊದಲ ಸಲ ನೀರು ಶುದ್ಧವಾಗಲು ಸುಮಾರು ಐದು ವಾರ ಹಿಡಿಯಿತು. ತಿಳಿನೀರನ್ನು ಬಸಿದು, ತಳದ ಕೆಸರನ್ನು ಉಳಿಸಿಕೊಂಡು, ಅದರ ಮೇಲೆ ಹೊಸ ಕೊಳಚೆ ಸುರಿದು ಮತ್ತೆ ಗಾಳಿ ಊದಿದರು. ಹೀಗೆ ಮಾಡುತ್ತ ಹೋದಂತೆ ಅವಧಿ ಗಂಟೆಗಳಿಗೆ ಇಳಿಯಿತು! ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದಿದ್ದವು. 1914ರಲ್ಲಿ ಇದನ್ನು 'ಕ್ರಿಯಾಶೀಲ ಕೆಸರು' ಎಂದು ಹೆಸರಿಸಿ ಪ್ರಕಟಿಸಿದರು.

ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಅದೇ ಸಂಸ್ಥೆಯ ಎಸ್.ಸಿ. ಪಿಳ್ಳೈ ಮತ್ತು ವಿ. ಸುಬ್ರಹ್ಮಣ್ಯನ್, ಕೆಸರಿನಲ್ಲಿರುವ ಪ್ರೋಟೊಜೋವಗಳೂ ಶುದ್ಧೀಕರಣದಲ್ಲಿ ಪಾಲ್ಗೊಳ್ಳುತ್ತವೆ ಎಂದು 1942ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಬಿಡಿಬಿಡಿಯಾಗಿ ತೇಲುವ ಬ್ಯಾಕ್ಟೀರಿಯಗಳನ್ನು ಪ್ರೋಟೊಜೋವಗಳು ತಿನ್ನುವುದರಿಂದ ನೀರು ತಿಳಿಯಾಗುತ್ತದೆ. ಸುಬ್ರಹ್ಮಣ್ಯನ್ ಮುಂದೆ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದ ಮೊದಲ ನಿರ್ದೇಶಕರಾದರು.

ಈ ವಿಧಾನದ ಗುಟ್ಟು ಒಂದು ಅಂಟಿನಲ್ಲಿದೆ. ಬ್ಯಾಕ್ಟೀರಿಯಗಳು ಪಾಲಿಸ್ಯಾಕರೈಡ್ ಮತ್ತು ಪ್ರೋಟೀನುಗಳಿರುವ ಲೋಳೆಯನ್ನು ಸ್ರವಿಸಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗೆ ಗಂಟುಗಟ್ಟಿದ ಕೆಸರು ತನ್ನ ತೂಕದಿಂದಲೇ ತೊಟ್ಟಿಯ ತಳಕ್ಕೆ ಇಳಿಯುತ್ತದೆ. ಆದರೆ ಇದಕ್ಕೆ ದೊಡ್ಡ ತೊಟ್ಟಿ, ವಿಶಾಲವಾದ ಜಾಗ ಬೇಕು.

ತಂಗಿಸುವ ಬದಲು ಸೋಸಿದರೆ? 1960ರ ದಶಕದ ಕೊನೆಯಲ್ಲಿ ಅಮೆರಿಕದ ಡಾರ್-ಆಲಿವರ್ ಕಂಪನಿ ಕೆಸರನ್ನು ಪೊರೆಯ ಮೂಲಕ ಸೋಸಿ ನೋಡಿತು. 1989ರಲ್ಲಿ ಜಪಾನಿನ ಯಮಾಮೊಟೊ ಮತ್ತು ಸಂಗಡಿಗರು ಟೊಳ್ಳು ಎಳೆಗಳ ಪೊರೆಯನ್ನು ಕೆಸರಿನೊಳಗೇ ಮುಳುಗಿಸಿ, ನೀರನ್ನು ಹೀರಿ ತೆಗೆದರು. ಇಂಥ ಪೊರೆಗಳ ರಂಧ್ರ ಸಾಮಾನ್ಯವಾಗಿ 0.04ರಿಂದ 0.4 ಮೈಕ್ರೊಮೀಟರ್. ಬ್ಯಾಕ್ಟೀರಿಯದ ಗಾತ್ರ ಸುಮಾರು 1 ಮೈಕ್ರೊಮೀಟರ್. ಆದ್ದರಿಂದ ಅದು ನುಸುಳಲಾರದು. ಬೆಂಗಳೂರಿನ ಕಬ್ಬನ್ ಉದ್ಯಾನದ ಘಟಕದಲ್ಲಿ ಪೊರೆ ವಿಧಾನವನ್ನು ಬಳಸಲಾಗಿದೆ.

ಇಲ್ಲಿ ಹಳೆಯ ಮಿತ್ರನೇ ಶತ್ರುವಾದ. ಕೆಸರನ್ನು ಗಂಟುಗಟ್ಟಿಸುತ್ತಿದ್ದ ಅದೇ ಲೋಳೆ ಪೊರೆಯ ಮೇಲೆ ಪದರವಾಗಿ ಕೂರುತ್ತದೆ, ರಂಧ್ರಗಳನ್ನು ಮುಚ್ಚುತ್ತದೆ. ಕಾಫಿ ಫಿಲ್ಟರಿನಲ್ಲಿ ನುಣ್ಣನೆಯ ಪುಡಿ ಕಟ್ಟಿಕೊಂಡರೆ ಡಿಕಾಕ್ಷನ್ ಇಳಿಯದಿರುವುದನ್ನು ನೀವು ನೋಡಿರಬಹುದು. ಆಗ ಪುಡಿಯನ್ನು ಒತ್ತಿದರೆ ಇನ್ನಷ್ಟು ಬಿಗಿಯುತ್ತದೆ. ಪೊರೆಯದೂ ಹಾಗೆಯೇ. ನೀರನ್ನು ಒಂದು ಮಿತಿಗಿಂತ ವೇಗವಾಗಿ ಎಳೆದರೆ ಪದರ ಬೇಗ ಕಟ್ಟುತ್ತದೆ, ಮಿತಿಯೊಳಗಿದ್ದರೆ ನಿಧಾನ ಎಂದು 1995ರಲ್ಲಿ ಫೀಲ್ಡ್ ಮತ್ತು ಸಂಗಡಿಗರು ತೋರಿಸಿದರು.

ಪರಿಹಾರಗಳಿವೆ: ಕೆಳಗಿನಿಂದ ದಪ್ಪ ಗಾಳಿಗುಳ್ಳೆ ಬಿಟ್ಟು ಪೊರೆಯನ್ನು ಉಜ್ಜುವುದು, ಆಗಾಗ ಹೀರುವುದನ್ನು ನಿಲ್ಲಿಸುವುದು, ಹಿಮ್ಮುಖವಾಗಿ ನೀರು ಹಾಯಿಸುವುದು, ಲೋಳೆಗೆ ಹೈಪೊಕ್ಲೋರೈಟ್ ಮತ್ತು ಲವಣಕ್ಕೆ ಸಿಟ್ರಿಕ್ ಆಮ್ಲದಿಂದ ತೊಳೆಯುವುದು. ಆದರೆ ಗಾಳಿಗೆ ವಿದ್ಯುತ್ ಬೇಕು. ಪದೇ ಪದೇ ರಾಸಾಯನಿಕದಲ್ಲಿ ತೊಳೆದರೆ ಪೊರೆಯ ಆಯುಸ್ಸು ಕುಗ್ಗುತ್ತದೆ.

ಪೊರೆ ಬಂದ ಮಾತ್ರಕ್ಕೆ ಕೆಸರಿನ ಆರೋಗ್ಯವನ್ನು ಮರೆಯುವಂತಿಲ್ಲ. ಗಾಳಿ, ಆಹಾರ ಏರುಪೇರಾದಾಗ ಬ್ಯಾಕ್ಟೀರಿಯಗಳು ಹೆಚ್ಚು ಲೋಳೆಯನ್ನು ನೀರಿಗೆ ಬಿಡುತ್ತವೆ, ಪೊರೆ ಬೇಗ ಕಟ್ಟುತ್ತದೆ. ಸಮೀಪದಲ್ಲಿ ಶುದ್ಧೀಕರಣ ಘಟಕವಿದ್ದರೆ ಶಿಕ್ಷಕರು ವಿದ್ಯಾರ್ಥಿಗಳನ್ನು ಕರೆದೊಯ್ಯಲಿ. ಅಲ್ಲಿನವರ ನೆರವಿನಿಂದ, ಕೈಗವಸು ತೊಟ್ಟು, ಒಂದು ಹನಿ ಕೆಸರನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ. ಪಿಳ್ಳೈ ಮತ್ತು ಸುಬ್ರಹ್ಮಣ್ಯನ್ ಗಮನಿಸಿದ ಪ್ರೋಟೊಜೋವಗಳ ಬಳಗ ಅಲ್ಲಿ ಇಂದಿಗೂ ದುಡಿಯುತ್ತಿರುತ್ತದೆ.