ಗೂಢಚಾರಕಥೆಯ ಅಣಕವೂ ಅದರ ಎಲ್ಲೆಯೂ

ಅನುಕರಣದಿಂದ ಹಾಸ್ಯವು ಹುಟ್ಟುವುದೆಂಬುದು ಭಾರತೀಯ ಅಲಂಕಾರಶಾಸ್ತ್ರದಲ್ಲಿ ಪ್ರಾಚೀನವಾದ ಮತ. ಶೃಂಗಾರದ ಅನುಕೃತಿಯೇ ಹಾಸ್ಯವೆಂದು ಭರತನು ಹೇಳಿದನು. ಅಭಿನವಗುಪ್ತನು ಆ ಮಾತನ್ನು ಉಳಿದ ರಸಗಳ ಆಭಾಸಕ್ಕೂ ವಿಸ್ತರಿಸಿದನು. ಅಣಕಕೃತಿಗಳಿಗೆ ಈ ಲಕ್ಷಣವು ಚೆನ್ನಾಗಿ ಸಲ್ಲುತ್ತದೆ. ಆದರೆ ಅಣಕವು ನಗೆಯನ್ನು ತರಬೇಕಾದರೆ ಅದರ ಮೂಲವು ನೋಡುವವರಿಗೆ ಚಿರಪರಿಚಿತವಾಗಿರಬೇಕು. ನಗುವುದಕ್ಕೆ ಆಳುವವರ ಅನುಮತಿಯೂ ಇರಬೇಕು. ಈ ಎರಡನೆಯ ನಿಬಂಧನೆಯ ಸ್ವರೂಪವನ್ನು ತಿಳಿಯಲು ೧೯೬೭ರಲ್ಲಿ ಮಾಸ್ಕೋ ನಗರದ ಸೊಯುಜ್‌ಮುಲ್ತ್‌ಫಿಲ್ಮ್ ಚಿತ್ರಶಾಲೆಯಲ್ಲಿ ಸಿದ್ಧವಾದ ‘ಷ್ಪಿಯೋನ್‌ಸ್ಕಿಯೆ ಸ್ತ್ರಾಸ್ತಿ’ ಎಂಬ ರೇಖಾಚಲಚ್ಚಿತ್ರವು ಒಳ್ಳೆಯ ನಿದರ್ಶನವಾಗಿದೆ.

ಮೊದಲು ಮೂಲದ ಮಾತು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ ರಷ್ಯದಲ್ಲಿ ಗೂಢಚಾರಕಥೆಗಳು ಬಹಳವಾಗಿ ಬೆಳೆದುವು. ೧೯೪೭ರಲ್ಲಿ ಬೋರಿಸ್ ಬಾರ್ನೆತ್ ನಿರ್ದೇಶಿಸಿದ ‘ಪೋದ್ವಿಗ್ ರಜ್ವೇದ್ಚಿಕ’ ಎಂಬ ಚಿತ್ರದಲ್ಲಿ ಸೋವಿಯತ್ ಚಾರನು ಜರ್ಮನ್ ವರ್ತಕನ ವೇಷದಿಂದ ಶತ್ರುಗಳ ನಡುವೆ ಸಂಚರಿಸುತ್ತಾನೆ. ಅದು ವೀರರಸದ ಕಥೆ. ತರುವಾಯ ಶೀತಲಸಮರದ ಕಾಲದಲ್ಲಿ ಕಥೆಯ ದಿಕ್ಕು ತಿರುಗಿತು. ಈಗ ಗಡಿಯನ್ನು ದಾಟಿ ಒಳನುಗ್ಗುವವನು ಪರದೇಶದ ಚಾರ. ಅವನ ಜಾಡು ಹಿಡಿಯುವವರು ಸೋವಿಯತ್ ಅಧಿಕಾರಿಗಳು. ೧೯೫೮ರ ‘ನಾದ್ ತಿಸ್ಸೊಯ್’ ಈ ಬಗೆಯದು. ಇಂಥ ಕಥೆಗಳಲ್ಲಿ ಪಾತ್ರಗಳು ಬರಬರುತ್ತ ಅಚ್ಚಿನಲ್ಲಿ ಎರೆದಂತಾದುವು: ಕೋಟಿನ ಕತ್ತುಪಟ್ಟಿಯನ್ನು ಮೇಲೆತ್ತಿಕೊಂಡ ಚಾರ, ಮೋಹಕಳಾದ ಸ್ತ್ರೀ, ಭೋಗಲಾಲಸೆಯಿಂದ ಬಲೆಗೆ ಬೀಳುವ ಸೋಮಾರಿ ತರುಣ, ಎಲ್ಲವನ್ನೂ ಬಲ್ಲ ಹಿರಿಯ ಕರ್ನಲ್, ಅವನ ಉತ್ಸಾಹಿ ಸಹಾಯಕ.

ಈ ಸಾಮಗ್ರಿಯನ್ನೇ ಎತ್ತಿಕೊಂಡು ಲಾಜರ್ ಲಾಗಿನ್ (೧೯೦೩–೧೯೭೯) ಚಿತ್ರಕಥೆಯನ್ನು ಬರೆದನು. ಈತನು ‘ಸ್ತಾರಿಕ್ ಹೊತ್ತಾಬಿಚ್’ ಎಂಬ ಮಕ್ಕಳ ಕಥೆಯಿಂದ ಪ್ರಸಿದ್ಧನಾದವನು. ‘ಕ್ರೊಕೊದಿಲ್’ ಎಂಬ ವಿಡಂಬನಪತ್ರಿಕೆಯಲ್ಲಿ ಪಳಗಿದವನು. ನಿರ್ದೇಶಕನು ಯೆಫೀಮ್ ಗಾಂಬುರ್ಗ್ (೧೯೨೫–೨೦೦೦). ಸುಮಾರು ಇಪ್ಪತ್ತು ನಿಮಿಷಗಳ ಈ ಚಿತ್ರವು ಕಪ್ಪುಬಿಳುಪಿನದು. ಬಣ್ಣವು ಸುಲಭವಾಗಿದ್ದ ಕಾಲದಲ್ಲಿ ಅದನ್ನು ಬಿಟ್ಟುದು ಹಳೆಯ ಚಾರಚಿತ್ರಗಳ ನೆರಳುಬೆಳಕುಗಳನ್ನು ನೆನಪಿಗೆ ತರುತ್ತದೆ.

ಕಥಾವಸ್ತುವು ಬಹಳ ಸಣ್ಣದು. ಪರದೇಶದ ಗೂಢಚಾರಸಂಸ್ಥೆಯೊಂದರ ಮುಖ್ಯಸ್ಥನಿಗೆ ಹಲ್ಲುನೋವು. ಸೋವಿಯತ್ ದೇಶದಲ್ಲಿ ದಂತವೈದ್ಯರ ಹೊಸ ಕುರ್ಚಿಯೊಂದು ನಿರ್ಮಿತವಾಗಿದೆಯೆಂದು ಕೇಳಿ ಅದನ್ನು ಕದ್ದು ತರಲು ಅವನು ಆಜ್ಞಾಪಿಸುತ್ತಾನೆ. ಅಣುವಿದ್ಯೆಯ ರಹಸ್ಯವಿರಬೇಕಾದ ಎಡೆಯಲ್ಲಿ ಹಲ್ಲು ಕೀಳುವ ಕುರ್ಚಿಯು ಬಂದುದರಿಂದ ಭಯಾನಕವು ತನ್ನಷ್ಟಕ್ಕೆ ತಾನೇ ಹಾಸ್ಯವಾಗುತ್ತದೆ. ಉಳಿದುದೆಲ್ಲವೂ ಪದ್ಧತಿಯಂತೆಯೇ ನಡೆಯುವುದು. ಹೊಂಚುವವರೂ ಹೊಂಚಿಗೆ ಗುರಿಯಾದವರೂ ಒಬ್ಬರನ್ನೊಬ್ಬರು ಎಡೆಬಿಡದೆ ಕಾಯುವರು. ಶೀರ್ಷಿಕೆಯಲ್ಲಿಯೂ ಶ್ಲೇಷೆಯುಂಟು: ‘ಸ್ತ್ರಾಸ್ತಿ’ ಎಂದರೆ ಉತ್ಕಟ ಭಾವಗಳು, ಆಡುಮಾತಿನಲ್ಲಿ ಭಯಂಕರ ಸಂಗತಿಗಳು. ಮುಖ್ಯಸ್ಥನ ಹೆಸರಾದ ‘ಷ್ಟಾಂಪ್ಫ್’ ಎಂಬುದು ಕೇಳುವುದಕ್ಕೆ ಜರ್ಮನ್ ಹೆಸರಿನಂತಿದ್ದರೂ ರಷ್ಯನ್ ಕಿವಿಗೆ ‘ಷ್ಟಾಂಪ್’ ಎಂಬ ಮಾತನ್ನು ನೆನಪಿಸುತ್ತದೆ. ಅದಕ್ಕೆ ಮುದ್ರೆ ಎಂದೂ, ಬಳಸಿ ಬಳಸಿ ಸವೆದ ನುಡಿಗಟ್ಟು ಎಂದೂ ಅರ್ಥ. ಖಳನ ಹೆಸರೇ ಸವಕಲುತನವಾದ ಮೇಲೆ ಚಿತ್ರವು ಯಾರೊಡನೆ ಕಾದಾಡುತ್ತಿರುವುದೆಂಬುದು ಸ್ಪಷ್ಟ.

೧೯೬೭ನೆಯ ವರ್ಷವು ಕ್ರಾಂತಿಗೂ ಸೋವಿಯತ್ ಗುಪ್ತಪೊಲೀಸಿಗೂ ಐವತ್ತು ವರ್ಷಗಳು ತುಂಬಿದ ವರ್ಷ. ಅಂಥ ಕಾಲದಲ್ಲಿ ಸರ್ಕಾರದ ಚಿತ್ರಶಾಲೆಯಿಂದಲೇ ಇಂಥ ಅಣಕವು ಹೊರಟುದು ಮೇಲುನೋಟಕ್ಕೆ ಆಶ್ಚರ್ಯಕರವಾಗಿದೆ. ಇದರ ಕಾರಣವನ್ನು ನಗೆಯ ಗುರಿಯಲ್ಲಿ ಹುಡುಕಬೇಕು. ಸೋವಿಯತ್ ಕರ್ನಲನೂ ಇಲ್ಲಿ ನಗೆಯಿಂದ ತಪ್ಪಿಸಿಕೊಂಡಿಲ್ಲ. ಆದರೆ ಅವನು ಬೀದಿಯಲ್ಲಿ ಕಾಣುವ ಅಧಿಕಾರಿಯಲ್ಲ, ಪುಸ್ತಕದಲ್ಲಿ ಕಾಣುವ ಅಧಿಕಾರಿ. ಕೊನೆಗೆ ಗೆಲ್ಲುವವನೂ ಅವನೇ.

ಈ ಅಭಿಪ್ರಾಯಕ್ಕೆ ಗಾಂಬುರ್ಗನ ಮುಂದಿನ ಕೃತಿಯೊಂದು ಪುಷ್ಟಿಕೊಡುತ್ತದೆ. ೧೯೭೮ರ ‘ಅಗ್ರಬ್ಲೇನಿಯೆ ಪೊ...’ ಎಂಬ ಚಿತ್ರದಲ್ಲಿ ಅವನು ಅಮೆರಿಕ, ಫ್ರಾನ್ಸ್, ಇಟಲಿಗಳ ದರೋಡೆಚಿತ್ರಗಳನ್ನು ಒಂದೊಂದಾಗಿ ಅಣಕಿಸಿದನು. ನಾಲ್ಕನೆಯದಾದ ಸೋವಿಯತ್ ಭಾಗದಲ್ಲಿ ಕಳ್ಳರು ಉಳಿತಾಯದ ಬ್ಯಾಂಕಿಗೆ ಬಂದರೆ ಅದು ದುರಸ್ತಿಗಾಗಿ ಮುಚ್ಚಿರುತ್ತದೆ. ಈ ಭಾಗವನ್ನು ಆಗ ಕತ್ತರಿಸಲಾಯಿತು. ಅದು ಮರಳಿ ಸೇರಿದುದು ೧೯೮೮ರಲ್ಲಿ. ಗುಪ್ತಚಾರದ ಅಧಿಕಾರಿಯನ್ನು ಕುರಿತ ನಗೆಯು ಸಹ್ಯವಾಯಿತು. ಬ್ಯಾಂಕಿನ ಮುಚ್ಚಿದ ಬಾಗಿಲನ್ನು ಕುರಿತ ನಗೆಯು ಅಸಹ್ಯವಾಯಿತು. ಏಕೆಂದರೆ ಮೊದಲನೆಯದು ಕಥೆಗಳ ಅನುಕೃತಿ. ಎರಡನೆಯದು ಜನರು ದಿನವೂ ಕಾಣುತ್ತಿದ್ದ ಲೋಕದ ಅನುಕೃತಿ.

ಅಣಕದಿಂದ ಮೂಲವು ಅಳಿಯಿತೆಂದು ತಿಳಿಯಲಾಗದು. ಮರುವರ್ಷ, ೧೯೬೮ರಲ್ಲಿಯೇ ‘ಮ್ಯೋರ್ತ್ವಿಯ್ ಸೆಜೋನ್’ ಎಂಬ ಗಂಭೀರ ಚಾರಚಿತ್ರವು ತೆರೆಗೆ ಬಂದಿತು. ೧೯೭೩ರಲ್ಲಿ ‘ಸೆಮ್ನಾದ್ಸತ್ ಮ್ಗ್ನವೇನಿಯ್ ವೆಸ್ನಿ’ ಎಂಬ ದೂರದರ್ಶನದ ಕಥಾಮಾಲೆಯು ದೇಶವನ್ನೆಲ್ಲ ಆಕರ್ಷಿಸಿತು. ಈ ಎರಡರ ನಾಯಕರೂ ಪರದೇಶದಲ್ಲಿ ಒಂಟಿಯಾಗಿ ದುಡಿಯುವ, ಚಿಂತಾಕ್ರಾಂತರಾದ ಚಾರರು. ನಗೆಗೀಡಾದ ಅಚ್ಚು ಸವೆದಿತ್ತು; ಚಾರನ ಕಥೆಗೆ ಬೇರೆ ಅಚ್ಚು ದೊರೆಯಿತು. ಯಾವ ಕಾಲದ ಅಣಕಸಾಹಿತ್ಯವನ್ನು ಪರೀಕ್ಷಿಸುವವರೂ ಏನನ್ನು ಕುರಿತು ನಗಲಾಯಿತೆಂಬುದರ ಜೊತೆಗೆ, ಏನನ್ನು ಕುರಿತು ನಗಲಾಗದೆ ಹೋಯಿತೆಂಬುದನ್ನೂ ಗಮನಿಸತಕ್ಕದ್ದು.