ರೊಟ್ಟಿ ಊಟ (ಹಾವೇರಿ ಸೀಮೆ)

ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ತಾಲ್ಲೂಕುಗಳು 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಗೆ ಸೇರಿವೆ. ಮಲೆನಾಡಿನ ಸೆರಗಿನ ಹಾನಗಲ್ಲಿನಲ್ಲಿ ಭತ್ತ ಹೆಚ್ಚು. ಬಯಲಿನ ಕಡೆ ಜೋಳದ ರೊಟ್ಟಿಯೇ ಊಟದ ಆಧಾರ. ಸಮತೋಲನದ ಆರೋಗ್ಯಕ್ಕೆ ಈ ಸೀಮೆಯವರು ಹೊಸ ಆಹಾರ ಹುಡುಕಬೇಕಿಲ್ಲ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಕಡಿಮೆ. ಆ ಕೊರತೆಯನ್ನು ಹೆಸರುಕಾಳು, ಮಡಕೆಕಾಳಿನ ಪಲ್ಯ ತುಂಬುತ್ತದೆ. ರೊಟ್ಟಿಯ ಮಗ್ಗುಲಿಗೆ ಹಸಿ ಮೆಂತ್ಯೆ, ಹಕ್ಕರಿಕಿ ಸೊಪ್ಪು, ಉಳ್ಳಾಗಡ್ಡಿ, ಗುರೆಳ್ಳು ಚಟ್ನಿ, ಕೊನೆಗೆ ಮಜ್ಜಿಗೆ ಇದ್ದರೆ ನಾರು, ಖನಿಜ, ಕೊಬ್ಬು ಎಲ್ಲವೂ ಒಂದೇ ಗಂಗಾಳದಲ್ಲಿ ಸಿಗುತ್ತವೆ.

ಹಾಗಿದ್ದರೆ ರೊಟ್ಟಿ ಉಂಡವರಿಗೂ ಸಕ್ಕರೆ ಕಾಯಿಲೆ, ರಕ್ತದೊತ್ತಡ ಏಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಟ್ರ್ಯಾಕ್ಟರ್, ಬೈಕು ಬಂದು ಮೈದುಡಿಮೆ ತಗ್ಗಿತು, ಉಣ್ಣುವ ಅಳತೆ ತಗ್ಗಲಿಲ್ಲ. ಉಪ್ಪಿನಕಾಯಿ, ಸವಣೂರು ಖಾರದಂಥ ಕರಿದ ತಿನಿಸುಗಳಿಂದ ಉಪ್ಪೂ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ. ಸವಣೂರಿನ ವೀಳ್ಯದೆಲೆ ಹೆಸರಾದದ್ದು; ಆದರೆ ಅಡಿಕೆ ಬೆರೆತ ತಾಂಬೂಲ ತಂಬಾಕಿಲ್ಲದಿದ್ದರೂ ಕ್ಯಾನ್ಸರ್‌ಕಾರಕವೆಂದು ಅದೇ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ವರ್ಗೀಕರಿಸಿದೆ. ರೊಟ್ಟಿ ಬಡಿಯುವ ಶ್ರಮವೆಲ್ಲ ಹೆಂಗಸರದೇ ಆಗಿರುವುದರಿಂದ, ಮನೆಯ ಗಂಡಸರೂ ಒಲೆಯ ಮುಂದೆ ಕೂರದೆ ಈ ಊಟ ಉಳಿಯದು.