ಹಿಟ್ಟಿನ ಹುಂಜದ ಕೂಗು: ಜನ್ನನ ಕಾವ್ಯದಲ್ಲಿ ವ್ಯಂಗ್ಯ, ಸನ್ನಿವೇಶ ಮತ್ತು ಶೈಲಿ

ಯಶೋಧರನ ಕಥೆ ಕನ್ನಡ ನಾಡಿಗೆ ಬಹು ಹಳೆಯ ನಂಟು. ಸೋಮದೇವಸೂರಿಯು 959ರಲ್ಲಿ ಗಂಗಾಧರವೆಂಬ ಊರಿನಲ್ಲಿ ಸಂಸ್ಕೃತದ ‘ಯಶಸ್ತಿಲಕ’ವನ್ನು ಮುಗಿಸಿದಾಗ ಅಲ್ಲಿ ಆಳುತ್ತಿದ್ದವನು ಪಂಪನ ಆಶ್ರಯದಾತ ಅರಿಕೇಸರಿಯ ಮಗ. ಮಾನ್ಯಖೇಟದ ಪುಷ್ಪದಂತನು ಅಪಭ್ರಂಶದಲ್ಲಿಯೂ, ಅನಂತರ ವಾದಿರಾಜನು ಮತ್ತೆ ಸಂಸ್ಕೃತದಲ್ಲಿಯೂ ಇದನ್ನೇ ಹೇಳಿದರು. ವಾದಿರಾಜನ ಜಾಡನ್ನು ಹಿಡಿದು, ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿಯೆನಿಸಿದ ಜನ್ನನು 1209ರಲ್ಲಿ ‘ಯಶೋಧರ ಚರಿತೆ’ಯನ್ನು ರಚಿಸಿದನು.

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಡೆ ಉದ್ಯೋಗಕ್ಕೆ ಹೋಗಿಬರುವ ಓದುಗರು ಇಲ್ಲಿ ಬೇಗೂರನ್ನು ಒಮ್ಮೆ ನೆನೆಯಬೇಕು. ಅಲ್ಲಿನ ಗಂಗರ ಕಾಲದ, ಸುಮಾರು 890ರ ವೀರಗಲ್ಲಿನಲ್ಲಿ ಬೆಂಗಳೂರಿನ ಹೆಸರು ಬರುವುದು ಒಂದು ಕಾಳಗದ ಪ್ರಸಂಗದಲ್ಲಿ. ಕಾದಿ ಮಡಿದವನಿಗೆ ಕಲ್ಲು ನಿಲ್ಲಿಸುವ ನಾಡಿನಲ್ಲಿ, ಹಿರಿದ ಕತ್ತಿಯನ್ನು ತಡೆದುಕೊಂಡ ಅರಸನೊಬ್ಬನನ್ನು ಕಥಾನಾಯಕನನ್ನಾಗಿ ಮಾಡುವುದು ಸಾಮಾನ್ಯದ ಕೆಲಸವಲ್ಲ. ಅದಕ್ಕಿಂತ ಮಿಗಿಲಾದ ದಿಟ್ಟತನವೆಂದರೆ, ಅಂಥವನನ್ನೂ ಕವಿಯು ಹಿಂಸೆಯ ಹೊಣೆಯಿಂದ ಬಿಡಿಸದಿರುವುದು.

ಕಾವ್ಯವು ತೆರೆಯುವುದು ಚಂಡಮಾರಿಯ ಗುಡಿಯಲ್ಲಿ, ವಸಂತದಲ್ಲಿ. ವಸಂತವರ್ಣನೆ ನಮ್ಮ ಕವಿಗಳಿಗೆ ಕಟ್ಟಳೆಯ ಕೆಲಸ. ಎಷ್ಟೋ ಕಾವ್ಯಗಳಲ್ಲಿ ಅದನ್ನು ದಾಟಿ ಓದಿದರೂ ನಷ್ಟವಿಲ್ಲ. ಜನ್ನನಲ್ಲಿ ಹಾಗಲ್ಲ. ವಸಂತನು ಶಿಶಿರನನ್ನೇ ಹರಕೆಗೆ ಹಿಡಿದು ಮಾವಿನಡಿಯಲ್ಲಿ ಕೊಚ್ಚಿದನೋ ಎಂಬಂತೆ, ಉದುರಿದ ಮುತ್ತುಗದ ಮೊಗ್ಗುಗಳು ಅವನ ಕಣ್ಣಿಗೆ ಕತ್ತರಿಸಿದ ಮಾಂಸವಾಗಿ ತೋರುತ್ತವೆ. ಬಲಿಗೆ ತಂದ ಅಭಯರುಚಿ, ಅಭಯಮತಿಯರು ಬಾಯಿ ತೆರೆಯುವ ಮೊದಲೇ ಋತುವು ಕಥೆಯ ಸ್ವರವನ್ನು ಹಿಡಿದುಬಿಟ್ಟಿದೆ.

ಅವರು ಮಾರಿದತ್ತನಿಗೆ ಹೇಳುವ ಪೂರ್ವಜನ್ಮದ ವೃತ್ತಾಂತದಲ್ಲಿ ವ್ಯಂಗ್ಯವು ಒಂದು ವಿಲಕ್ಷಣವಾದ ಬಗೆಯಲ್ಲಿ ಕೆಲಸಮಾಡುತ್ತದೆ: ಇಲ್ಲಿ ನಟನೆಯೆಲ್ಲವೂ ನಿಜವಾಗುತ್ತದೆ. ಯಶೋಧರನು ಮಡದಿ ಅಮೃತಮತಿಯನ್ನು ವಿಕಾರರೂಪಿಯಾದ ಮಾವುತನ ಬಳಿ ಕಂಡೂ ಕೊಲ್ಲದೆ ಹಿಂದಿರುಗುತ್ತಾನೆ. ಮಾವುತನ ಹೊಡೆತವನ್ನು ಸಹಿಸಿದ ಅವಳು ಮರುದಿನ ಅರಸನ ಕೈಯ ನೆಯ್ದಿಲ ಪೆಟ್ಟಿಗೆ ಮೂರ್ಛೆಹೋಗುತ್ತಾಳೆ! ಬದುಕಿದೆಯಲ್ಲ ಎಂಬ ಅವನ ಉಪಚಾರದ ಮಾತಿನ ಒಳಗಿನ ಮುಳ್ಳು ಓದುಗನಿಗೆ ತಪ್ಪದೆ ತಾಗುತ್ತದೆ. ಅನಂತರ ಆತನು ಕಂಡದ್ದನ್ನು ಕನಸೆಂದು ಮರೆಮಾಡಿ ತಾಯಿಗೆ ಹೇಳುತ್ತಾನೆ. ಚಂದ್ರಮತಿಯಾದರೋ ಅದನ್ನು ದುಃಸ್ವಪ್ನವೆಂದೇ ನಂಬಿ ಶಾಂತಿಗಾಗಿ ಬಲಿ ಕೊಡಬೇಕೆನ್ನುತ್ತಾಳೆ. ಮಗನು ಒಪ್ಪನು, ಕಡೆಗೆ ಹಿಟ್ಟಿನ ಹುಂಜಕ್ಕೆ ಒಪ್ಪುತ್ತಾನೆ. ಕತ್ತಿ ಬಿದ್ದಾಗ ಹುಂಜ ಕೂಗುತ್ತದೆ.

ಆ ಕೂಗೇ ಕಾವ್ಯದ ನಡುಗಂಬ. ಸಂಕಲ್ಪದಲ್ಲಿ ಕೊಂದವನು ಕೊಂದವನೇ ಎಂಬ ತತ್ತ್ವವನ್ನು ಕವಿ ಉಪದೇಶಿಸುವುದಿಲ್ಲ, ಕೇಳಿಸುತ್ತಾನೆ. ರಾಣಿಯ ವಿಷದಿಂದ ಸತ್ತ ತಾಯಿಮಕ್ಕಳು ನಾಯಿಯಾಗಿ, ನವಿಲಾಗಿ ಹುಟ್ಟುತ್ತಾರೆ. ತಾಯಿಯಾಗಿದ್ದ ನಾಯಿ ಮಗನಾಗಿದ್ದ ನವಿಲನ್ನು ಕೊಲ್ಲುತ್ತದೆ. ಮುಂದೆ ಯಶೋಧರನು ಸ್ವಂತ ಮಗನ ಅಡುಗೆಮನೆಗೆ ಬೇಟವಾಗಿ ಬರುತ್ತಾನೆ. ತಂದೆಯ ಶ್ರಾದ್ಧಕ್ಕೆ ತಂದೆಯೇ ಮಾಂಸ. ಭವಾವಳಿಗಳ ಎಣಿಕೆ ಕೆಲವರಿಗೆ ದೀರ್ಘವೆನಿಸೀತು. ಅಮೃತಮತಿಗೆ ಜನ್ನನು ತೋರಿದ ಮನಸ್ಸಿನ ಆಳ ಅಲ್ಲಿಲ್ಲವೆಂಬುದು ನಿಜ.

ಇಷ್ಟು ದಾರುಣವಾದ ವಸ್ತುವನ್ನು ತಡೆದಿರುವುದು ಶೈಲಿಯ ಮಿತ. ಚಂಪುವಿನ ಆಡಂಬರವನ್ನು ಬಿಟ್ಟು, ಬಹುಪಾಲು ಕಂದಪದ್ಯಗಳಲ್ಲೇ, ನಾಲ್ಕು ಅವತಾರಗಳಲ್ಲಿ ಕಥೆ ಮುಗಿಯುತ್ತದೆ. ಚಂಪು ಅವನಿಗೆ ಬಾರದ ಮಾರ್ಗವಲ್ಲ. 1230ರ ‘ಅನಂತನಾಥ ಪುರಾಣ’ ಅದಕ್ಕೆ ಸಾಕ್ಷಿ. ಕಂದದ ನಾಲ್ಕು ಪಾದಗಳಲ್ಲಿ ಅಳುವುದಕ್ಕೆ ಎಡೆಯಿಲ್ಲ. ಕಂಡದ್ದನ್ನು ಹೇಳಿ ಕವಿ ಸರಿದುನಿಲ್ಲಬೇಕು.

ಗಿರೀಶ ಕಾರ್ನಾಡರು 1980ರಲ್ಲಿ ‘ಹಿಟ್ಟಿನ ಹುಂಜ’ ನಾಟಕವನ್ನು ಬರೆದಾಗ ಜನ್ಮಾಂತರಗಳ ಸರಣಿಯನ್ನು ಕೈಬಿಟ್ಟರು, ಹುಂಜವನ್ನು ಬಿಡಲಿಲ್ಲ.